ಸಿಇಟಿ: ಒಂದು ಪ್ರಶ್ನೆಗೆ 80 ಸೆಕೆಂಡು

ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶಕ್ಕೆ ರಾಜ್ಯದಲ್ಲಿ ನಡೆಯುವ ಸಿಇಟಿಯ ಪ್ರಶ್ನೆಪತ್ರಿಕೆ ಹುಬ್ಬಳ್ಳಿಯವರಿಗೂ ಗದಗ ಜಿಲ್ಲೆಯ ರೋಣದ ಹಳ್ಳಿಯವರಿಗೂ ಒಂದೇ. ತಯಾರಿ ಮಾತ್ರ ಒಂದೇ ಅಲ್ಲ. ಧಾರವಾಡದಲ್ಲಿ ಎರಡು ವರ್ಷ ಕೋಚಿಂಗ್ ಪಡೆದವರ ಜೊತೆಗೇ ಸರ್ಕಾರಿ ಪಿಯು ಕಾಲೇಜಿನ ಮಕ್ಕಳೂ ಸ್ಪರ್ಧಿಸಬೇಕು. ಆ ಅಂತರ ಒಂದು ತಿಂಗಳಲ್ಲಿ ತುಂಬುವುದಿಲ್ಲ. ಆದರೆ ತಿಳಿಯದೇ ಕಳೆದುಕೊಳ್ಳುವ ಅಂಕ ಮತ್ತು ಸೀಟುಗಳನ್ನು ಉಳಿಸಿಕೊಳ್ಳಬಹುದು.

ಮೊದಲು ಕಾಗದಪತ್ರ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಪೂರ್ತಿ ಹತ್ತು ವರ್ಷ ಲೆಕ್ಕಕ್ಕೆ ಬರುತ್ತದೆ. ನಿಗದಿತ ನಮೂನೆಯಲ್ಲಿ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಏಳನೇ ತರಗತಿವರೆಗೆ ಊರಲ್ಲಿ, ಹೈಸ್ಕೂಲು ಪಕ್ಕದ ಹಳ್ಳಿಯಲ್ಲಿ ಓದಿದ್ದರೆ ಎರಡೂ ಶಾಲೆಗೆ ಓಡಾಡಬೇಕು. ಹೆಸರಿನ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಹೈಸ್ಕೂಲಿಗೆ ಗದಗ ಪಟ್ಟಣ ಸೇರಿದ್ದರೆ ಗ್ರಾಮೀಣ ಕೋಟಾ ಸಿಗುವುದಿಲ್ಲ. (ಪಕ್ಕದ ಕೊಪ್ಪಳ ಜಿಲ್ಲೆಗೆ ಸಂವಿಧಾನದ 371 ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ, ಗದಗಕ್ಕಿಲ್ಲ. ಕೊಪ್ಪಳದ ಗಡಿಯಲ್ಲೇ ಇದ್ದೂ ಗದಗ ಜಿಲ್ಲೆಗೆ ಸೇರಿದ ಮುಂಡರಗಿಯವರ ಬೇಸರ ಸುಮ್ಮನೆ ಅಲ್ಲ.)

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅರ್ಧ. ಪಿಯುನಲ್ಲಿ 300ಕ್ಕೆ 285 ಬಂದು ಸಿಇಟಿಯಲ್ಲಿ 180ಕ್ಕೆ 90 ಬಂದರೆ 47.5 + 25 = 72.5. ಪಿಯುನಲ್ಲಿ 240 ಮಾತ್ರ ಬಂದರೂ ಸಿಇಟಿಯಲ್ಲಿ 120 ಗಳಿಸಿದವರದು 40 + 33.33 = 73.33. ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ; ಅದಕ್ಕೂ ಓದಿದವರು ಆ ಭಯವನ್ನು ಇಲ್ಲಿಗೂ ತಂದು ಪ್ರಶ್ನೆಗಳನ್ನು ಖಾಲಿ ಬಿಡುತ್ತಾರೆ. ವಿಷಯಕ್ಕೆ 12ರಂತೆ 36 ಖಾಲಿ ಬಿಟ್ಟರೆ, ಕಣ್ಣುಮುಚ್ಚಿ ಗುರುತಿಸಿದ್ದರೂ ಸರಾಸರಿ ಬರುತ್ತಿದ್ದ 9 ಅಂಕ ಹೋದಂತೆ.

ಮನೆಯಲ್ಲಿ ಅಭ್ಯಾಸಕ್ಕೆ ಹಳೆಯ ಪತ್ರಿಕೆ, ವೃತ್ತ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆಯ ಜೆರಾಕ್ಸ್, ಬಾಲ್‌ಪೆನ್ ಸಾಕು. ಕೈಗಡಿಯಾರ ಒಳಗೆ ಬಿಡುವುದಿಲ್ಲವಾದ್ದರಿಂದ ಅದಿಲ್ಲದೇ ಕೂತು ಅಭ್ಯಾಸ ಮಾಡಿ. ಮೊದಲ ಸುತ್ತಿನಲ್ಲಿ ಗೊತ್ತಿದ್ದವು, ಆಮೇಲೆ ಲೆಕ್ಕ ಬೇಡುವವು, ಕೊನೆಯ 5 ನಿಮಿಷ ಉಳಿದವಕ್ಕೆ. ವೃತ್ತ ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. 17 ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಜಾರುತ್ತದೆ. ಪೆನ್ನಿನ ಗುರುತು ಅಳಿಸಲಾಗದು. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲೇ ಸುತ್ತು ಹಾಕಿ, ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡಿ. ಹಾಳೆಯಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತಪ್ಪಾದರೆ ಬೇರೆ ಪತ್ರಿಕೆಯ ಕೀ ಉತ್ತರಕ್ಕೆ ನಿಮ್ಮ ಹಾಳೆ ಹೋಲಿಕೆಯಾಗುತ್ತದೆ.

ಹತ್ತನೇವರೆಗೆ ಕನ್ನಡದಲ್ಲಿ ಓದಿದವರು ಎರಡು ಅಂಕಣದ ನೋಟ್‌ಬುಕ್ ಇಡಿ: ಸಂವೇಗ – ಮೊಮೆಂಟಮ್, ವೇಗೋತ್ಕರ್ಷ – ಆಕ್ಸಿಲರೇಷನ್, ವಕ್ರೀಭವನ – ರಿಫ್ರ್ಯಾಕ್ಷನ್. ಬರುವ ವಿಷಯವೂ ಪದ ತಿಳಿಯದೆ ಕೈತಪ್ಪುವುದು ಇಲ್ಲೇ.

ತೀರಾ ಅಪರಿಚಿತ ಪ್ರಶ್ನೆ ಬಂದರೆ ತಪ್ಪು ನಿಮ್ಮದೇ ಆಗಿರಬೇಕಿಲ್ಲ. 2024ರಲ್ಲಿ ಪಠ್ಯದಾಚೆಯ ಪ್ರಶ್ನೆಗಳು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಒಂದು ಆಯ್ಕೆ ಗುರುತಿಸಿ ಮುಂದೆ ಹೋಗಿ.

ನಿದ್ದೆ ಬಾರದೆ, ಊಟ ಸೇರದೆ ವಾರ ಕಳೆದರೆ ಅದನ್ನು ಪರೀಕ್ಷೆಯ ಭಯ ಎಂದು ತಳ್ಳಿಹಾಕಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಇನ್ನು ಪರೀಕ್ಷೆಯ ದಿನ ಎರಡು ಪತ್ರಿಕೆಗಳ ನಡುವೆ ಗೇಟಿನ ಬಳಿ ಉತ್ತರ ತಾಳೆ ಹಾಕುವ ಗುಂಪು ಇದ್ದೇ ಇರುತ್ತದೆ. ಜೊತೆಗೆ ಬಂದ ಪೋಷಕರು ಮಗಳನ್ನು ಆಚೆ ಮರದ ನೆರಳಲ್ಲಿ ಕೂರಿಸಿ, ಮೊಸರನ್ನದ ಡಬ್ಬಿ ತೆರೆಯಿರಿ. ಬೆಳಗಿನ ಪತ್ರಿಕೆ ಹೇಗಾಯ್ತು ಎಂದು ಸಂಜೆ ಕೇಳಿದರಾಯ್ತು.