ಕೆರೆ ಉಳಿಸುವ ಸಮಿತಿ: ಫ್ಲೆಕ್ಸ್‌ಗಿಂತ ಮೊದಲು ಫೈಲು

ಪ್ರತಿ ಜೂನ್ 5ರಂದು ಊರೂರಲ್ಲಿ ಪರಿಸರ ಸಮಿತಿಗಳು ಹುಟ್ಟುತ್ತವೆ. ಫ್ಲೆಕ್ಸ್ ಕಟ್ಟಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುತ್ತವೆ. ಗಣೇಶನ ಹಬ್ಬ ಬರುವಷ್ಟರಲ್ಲಿ ಸಸಿ ಮೇಕೆಯ ಪಾಲು, ಸಮಿತಿ ವಾಟ್ಸ್‌ಆ್ಯಪ್‌ನ ಶುಭೋದಯ ಸಂದೇಶಗಳ ಪಾಲು. (ಪ್ಲಾಸ್ಟಿಕ್ ಫ್ಲೆಕ್ಸ್ ಕಟ್ಟುವ ಪರಿಸರ ಸಮಿತಿಗೆ ನಾನು ಚಂದಾ ಕೊಡುವುದಿಲ್ಲ.) ಊರ ಕೆರೆಯ ಒತ್ತುವರಿ ಬಿಡಿಸಲು ನಿಜವಾಗಿಯೂ ಹೊರಟವರಿಗೆ ಈ ಬರಹ.

ಜನ ಸೇರಿಸುವುದು. ಐದಾರು ಮಂದಿ ಸಾಕು. ಒಬ್ಬರಿಗಾದರೂ ಕೆರೆಯ ತೂಬು, ಕೋಡಿ, ಕಾಲುವೆ ಗೊತ್ತಿರಲಿ. ಒಬ್ಬರಿಗೆ ಸರ್ಕಾರಿ ಕಚೇರಿಯ ಮುಂದೆ ಕಾಯುವ ತಾಳ್ಮೆಯಿರಲಿ. ನೋಂದಣಿಗೆ ಅವಸರ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಸದಸ್ಯರು ಬೇಕು, ಆಮೇಲೆ ವರ್ಷವರ್ಷವೂ ಲೆಕ್ಕಪತ್ರ ಸಲ್ಲಿಸಬೇಕು. ಹಣ ಸಂಗ್ರಹಿಸುವ ಹೊತ್ತಿಗೆ ಮಾಡಿಸಿದರಾಯಿತು.

ಬೇಡಿಕೆ ಒಂದೇ ಇರಲಿ. ‘ಕೆರೆ ಉಳಿಸಿ’ ಎಂಬುದು ಬೇಡಿಕೆಯಲ್ಲ, ಹಾರೈಕೆ. ‘ಇಂಥ ಸರ್ವೆ ನಂಬರಿನ ಕೆರೆಯನ್ನು ಅಳತೆ ಮಾಡಿ ಗಡಿಕಲ್ಲು ನೆಡಿ’ ಎಂಬುದು ಬೇಡಿಕೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆದಾಗ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು. ಊರ ಸಾಮೂಹಿಕ ಭೂಮಿಯನ್ನು, ಅಲ್ಲಿ ನೀಲಗಿರಿ ಬೆಳೆಸುತ್ತಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಯಿಂದ ಹಿಂದಕ್ಕೆ ಪಡೆಯಬೇಕೆಂಬುದು ಅವರ ಕೇಳಿಕೆ. ಜೊತೆಜೊತೆಗೇ ಶಿವರಾಮ ಕಾರಂತರು ಅರ್ಜಿದಾರರಾಗಿದ್ದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು. 1991ರಲ್ಲಿ ಕಂಪನಿಗೆ ಬೀಗ ಬಿತ್ತು. ಬೀದಿಯಲ್ಲಿ ಒಂದು ಕೈ, ಕಡತದಲ್ಲಿ ಇನ್ನೊಂದು ಕೈ. ಎರಡೂ ಹಿಡಿದದ್ದು ಒಂದೇ ವಿಷಯವನ್ನು.

ದಾಖಲೆ. ಹತ್ತರಲ್ಲಿ ಎಂಟು ಸಮಿತಿಗಳು ಮುಗ್ಗರಿಸುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಕೆರೆ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಅದು ಸುಳಿವು ಮಾತ್ರ, ಸಾಕ್ಷಿಯಲ್ಲ. ಆ್ಯಪ್‌ನ ಚಿತ್ರವನ್ನು ಮನವಿಗೆ ಅಂಟಿಸಿ ಕೊಟ್ಟರೆ ಭೂಮಾಪಕರು ನಗುತ್ತಾರೆ. ಆ ನಂಬರ್ ಹಿಡಿದು ಪಹಣಿ, ಗ್ರಾಮ ನಕಾಶೆ, ಆಕಾರ್‌ಬಂದ್ ಮೂರನ್ನೂ ತೆಗೆಸಿ. ಆಕಾರ್‌ಬಂದ್ ಎಂದರೆ ಸರ್ವೆ ನಂಬರಿನ ಮೂಲ ವಿಸ್ತೀರ್ಣ ಬರೆದಿಟ್ಟ ಸರ್ವೆ ದಾಖಲೆ. ಪಹಣಿಯ 9ನೇ ಕಲಂನಲ್ಲಿ ಸರ್ಕಾರಿ ಕೆರೆ ಎಂದೇ ಇದೆಯೇ, ಅಥವಾ ನಡುವೆ ಖಾಸಗಿ ಹೆಸರುಗಳು ನುಸುಳಿವೆಯೇ? ಆಕಾರ್‌ಬಂದ್‌ನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ವ್ಯತ್ಯಾಸವಿದ್ದರೆ ಅಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆಯಿರಿ. ನಕಾಶೆಯಲ್ಲಿ ಕೆರೆಗೆ ನೀರು ತರುವ ರಾಜಕಾಲುವೆಯನ್ನೂ ಹುಡುಕಿ. ಕಾಲುವೆ ಮುಚ್ಚಿಹೋದ ಕೆರೆಗೆ ಬೇಲಿ ಹಾಕಿದರೂ ಮಳೆನೀರು ಬರುವುದಿಲ್ಲ.

ಉಳಿದದ್ದಕ್ಕೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಎಂಬುದನ್ನು ಕಚೇರಿಯಲ್ಲೇ ಕೇಳಿ ಬರೆಯಿರಿ, ಇಲ್ಲವಾದರೆ ಅರ್ಜಿ ವಾಪಸು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಸಮಿತಿಯ ಲೆಟರ್‌ಹೆಡ್ ಬೇಡ. ಈ ಹಕ್ಕು ನಾಗರಿಕರದ್ದು, ಅರ್ಜಿ ಒಬ್ಬರ ಹೆಸರಿನಲ್ಲೇ ಇರಲಿ. ‘ಒತ್ತುವರಿಯನ್ನು ಏಕೆ ತೆರವು ಮಾಡಿಲ್ಲ?’ ಎಂದು ಕೇಳಿದವರಿಗೆ ಉತ್ತರವೇ ಬರುವುದಿಲ್ಲ, ಏಕೆಂದರೆ ‘ಏಕೆ’ ಎಂಬುದು ಕಡತದಲ್ಲಿರುವುದಿಲ್ಲ. ಹೀಗೆ ಬರೆಯಿರಿ: ‘ಸರ್ವೆ ನಂಬರ್ ಇಂತಿಷ್ಟರ ಕೆರೆಯ ಹದ್ದುಬಸ್ತು (ಗಡಿ ಗುರುತಿಸಿದ) ನಕ್ಷೆ, ಒತ್ತುವರಿದಾರರ ಪಟ್ಟಿ, ತೆರವಿಗೆ ನೀಡಿದ ನೋಟಿಸುಗಳು, ಇವುಗಳ ದೃಢೀಕೃತ ಪ್ರತಿ ಕೊಡಿ.’ ನೋಟಿಸ್ ಕೊಟ್ಟೇ ಇಲ್ಲವಾದರೆ ‘ಲಭ್ಯವಿಲ್ಲ’ ಎಂದು ಸಹಿ ಹಾಕಿ ಕೊಡುತ್ತಾರೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಈ ಗಡುವು ಮರೆಯುವವರೇ ಹೆಚ್ಚು. ಅರ್ಜಿ ಕೊಟ್ಟ ದಿನವೇ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ.

ಮನವಿ. ಮುಖ್ಯಮಂತ್ರಿಗೆ ಬರೆದ ಪತ್ರ ಸುತ್ತಿ ಸುತ್ತಿ ತಹಶೀಲ್ದಾರರ ಮೇಜಿಗೇ ಬರುತ್ತದೆ. ನೇರವಾಗಿ ಅಲ್ಲಿಗೇ ಹೋಗಿ. ಒತ್ತುವರಿ ತಹಶೀಲ್ದಾರರ ಕೆಲಸ, ಕೊಳಚೆ ನೀರಿನ ದೂರು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಹೂಳು, ಏರಿಯ ವಿಷಯವಾದರೆ ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) ನೋಡಿ: ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆ ಪಂಚಾಯಿತಿ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಊರ ಸಾಮೂಹಿಕ ಜಾಗದ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದನ್ನು ಒಂದು ಸಾಲಿನಲ್ಲಿ ನೆನಪಿಸಿ. ಆದರೆ ಕೆರೆಯ ಸುತ್ತ 75 ಮೀಟರ್ ಬಫರ್ (ಏನೂ ಕಟ್ಟಬಾರದ ಜಾಗ) ಎಂದು ಬರೆಯಬೇಡಿ. ಬೆಂಗಳೂರಿನ ಕೆರೆಗಳಿಗಾಗಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟ ಆ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲೇ ರದ್ದುಪಡಿಸಿದೆ. ಒಂದು ತಪ್ಪು ಸಾಲು ಸಾಕು, ಇಡೀ ಮನವಿ ಪಕ್ಕಕ್ಕೆ ಹೋಗುತ್ತದೆ. ಇನ್ನೊಂದು ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಈ ನಡುವೆ ಯಾರಾದರೂ ಕೆರೆ ಶುದ್ಧ ಮಾಡುವ ಪುಡಿಯನ್ನೋ ದ್ರಾವಣವನ್ನೋ ಮಾರಲು ಬಂದರೆ ಚಹಾ ಕೊಟ್ಟು ಕಳುಹಿಸಿ. ಚರಂಡಿಯ ಬಾಯಿ ಕಟ್ಟದೆ ಯಾವ ಪುಡಿಯೂ ಕೆಲಸ ಮಾಡದು. ಕೆರೆಯಂಗಳ ನುಂಗಿ ಕಾಂಕ್ರೀಟಿನ ನಡಿಗೆ ಪಥ ಹಾಕುವುದನ್ನು ‘ಅಭಿವೃದ್ಧಿ’ ಎಂದು ಒಪ್ಪಬೇಡಿ. ಆನ್‌ಲೈನ್ ಸಹಿ ಸಂಗ್ರಹ ಬೇಕಿದ್ದರೆ ಮಾಡಿ. ಗ್ರಾಮಸಭೆಯ ಒಂದು ನಿರ್ಣಯದ ತೂಕ ಅದಕ್ಕಿಲ್ಲ.

ಅಳತೆಯ ದಿನ. ಎಲ್ಲರೂ ಹೋಗಿ, ಆದರೆ ಒಬ್ಬರೇ ಮಾತಾಡಿ. ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ತಲುಪಿದೆಯೇ ಎಂದು ಮೊದಲೇ ವಿಚಾರಿಸಿ. ತಲುಪದಿದ್ದರೆ ಅಳತೆಯೇ ನಾಳೆ ಬಿದ್ದುಹೋಗುತ್ತದೆ. ಒತ್ತುವರಿ ಮಾಡಿದವರೂ ಊರಿನವರೇ, ಬೈಗುಳ ಬೇಡ. ಮಹಜರನ್ನು ಪೂರ್ತಿ ಓದಿ ಸಹಿ ಮಾಡಿ. ಕಲ್ಲು ನೆಟ್ಟ ಮೇಲೂ ನಕ್ಷೆಯ ದೃಢೀಕೃತ ಪ್ರತಿ ಕೈಸೇರುವ ತನಕ ಸನ್ಮಾನ ಸಮಾರಂಭ ಇಟ್ಟುಕೊಳ್ಳಬೇಡಿ.