ವಿಂಚ್ ಹಾಕಿದ ಮೇಲೆ ಪಿಕಪ್ ಮೂಗು ತಗ್ಗಿತ್ತು, ಸರಿಯಾದದ್ದು ಹೀಗೆ

ಶಿರಸಿ ಕಡೆಯ ತೋಟದ ಕೆಲಸಕ್ಕೆಂದು ಪಿಕಪ್‌ನ ಮುಂದೆ ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ), ಗಾಡಿಯ ತಳಕ್ಕೆ ಉಕ್ಕಿನ ತಗಡು ಹಾಕಿಸಿದೆ. ಮುಂಭಾಗ 30 ಮಿ.ಮೀ. ತಗ್ಗಿತು. ದೇವಿಮನೆ ಘಾಟಿ ಇಳಿಯುವಾಗ ಸಣ್ಣ ಗುಂಡಿಗೂ ಧಡ್ ಧಡ್ ಸದ್ದು.

ಮೊದಲು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ಮೇಲೆ ಸ್ಪೇಸರ್, ಅಂದ್ರೆ ಎತ್ತರಿಸುವ ಬಿಲ್ಲೆ ಇಟ್ಟೆ. ಎತ್ತರ ಬಂತು, ಸದ್ದು ಹೋಗಲಿಲ್ಲ. ಸ್ಪೇಸರ್ ಇಟ್ಟರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ ಅಲ್ವಾ! ಸ್ಪ್ರಿಂಗ್ ಸುರುಳಿ ನಡುವೆ ತುರುಕಿದ ರಬ್ಬರೂ ಸುಮ್ನೆ ದಂಡ. '2 ಇಂಚು ಲಿಫ್ಟ್' ಎಂದು ತಂದ ಅತಿ ಗಟ್ಟಿ ಸ್ಪ್ರಿಂಗ್ 3 ಇಂಚು ಎತ್ತಿತು, ಆಕ್ಸಲ್ ಕೋನ ಜಾಸ್ತಿಯಾಗಿ ಅದರ ಕೀಲಿನ ರಬ್ಬರ್ ಕವಚ (ಬೂಟ್) ಹರಿಯಿತು.

ಇಂಚು ನೋಡಿದ್ದೇ ತಪ್ಪು. ಎಷ್ಟು ಕಿಲೋ ಹೇರಿದಾಗ ಅಷ್ಟು ಇಂಚು ಎಂದು ನೋಡಬೇಕಿತ್ತು. ವಿಂಚ್ ಸೆಟ್ 42, ತಗಡು 20, ಒಟ್ಟು 62 ಕಿಲೋ. ವಿಂಚ್ ಆಕ್ಸಲ್‌ಗಿಂತ ಮುಂದಿರುವುದರಿಂದ ತನ್ನ ತೂಕಕ್ಕಿಂತ ಜಾಸ್ತಿಯೇ ಒತ್ತುತ್ತದೆ. ಅದಕ್ಕೆ 50ರಿಂದ 100 ಕಿಲೋ ಹೆಚ್ಚುವರಿ ಭಾರ ಹೊರಲೆಂದೇ ಮಾಡಿದ ಸ್ಪ್ರಿಂಗ್ ಆರಿಸಿದೆ.

ಜೋಡಿಸುವ ಕ್ರಮವೂ ಮುಖ್ಯ. ಸಮತಟ್ಟು ನೆಲದಲ್ಲಿ, ನಾಲ್ಕೂ ಟೈರ್‌ಗೆ ಸರಿಯಾದ ಗಾಳಿ ಇಟ್ಟು, ಚಕ್ರದ ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದುಕೊಳ್ಳಿ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ) ಇಲ್ಲದೆ ಸ್ಟ್ರಟ್ ಬಿಚ್ಚಲೇಬೇಡಿ. ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ಆರ್ಮ್‌ನ ಬುಷ್ (ರಬ್ಬರ್ ತೋಳು) ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿಯೇ ಬಿಡಿ. ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಮುಂಭಾಗ ಅದುಮಿ, ಚಕ್ರದ ಮೇಲೆ ಭಾರ ಇರುವಾಗಲೇ ಬಿಗಿಮಾಡಿ. ಜ್ಯಾಕ್ ಮೇಲೆ ಬಿಗಿಮಾಡಿದರೆ ಬುಷ್ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮೊದಲ ಸಲ ನಾನು ಮಾಡಿದ್ದೂ ಅದೇ.

ಈಗ ಮೊದಲಿನ ಎತ್ತರಕ್ಕಿಂತ 40 ಮಿ.ಮೀ. ಮೇಲಿದೆ. ಕೂಡಲೇ ಒಮ್ಮೆ, 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿದೆ.