ಸ್ನೇರ್ ಸಾಲಿಗೆ ಹುಡುಗಿಯರು ಬಂದಿದ್ದು ಹೇಗೆ: ನನ್ನ ಅನುಭವ

ಒಂದು ಡ್ರಮ್ ಕೋರ್‌ನಲ್ಲಿ, ಅಂದರೆ ಅಮೆರಿಕದಲ್ಲಿ ಮೈದಾನದ ಮೇಲೆ ನಡೆಯುತ್ತಾ ವಾದ್ಯ ನುಡಿಸಿ ಸ್ಪರ್ಧಿಸುವ ತಂಡದಲ್ಲಿ, ಒಟ್ಟು ಎಷ್ಟು ಜನ ಹುಡುಗಿಯರಿದ್ದಾರೆ ಅಂತ ಎಣಿಸಿದರೆ ಏನೂ ಗೊತ್ತಾಗಲ್ಲ. ಅವರು ಎಲ್ಲಿ ನಿಂತಿದ್ದಾರೆ ಅಂತ ನೋಡಬೇಕು. ಬಾವುಟ, ಮರದ ಬಂದೂಕು ತಿರುಗಿಸುವ ಕಲರ್ ಗಾರ್ಡ್‌ನಲ್ಲಿ ಹುಡುಗಿಯರೇ ಜಾಸ್ತಿ. ಮೈದಾನದ ಮುಂದೆ ಮರಿಂಬಾ, ವೈಬ್ರಾಫೋನ್‌ನಂಥ ಪಟ್ಟಿಗಳ ಮೇಲೆ ಬಡಿಯುವ ವಾದ್ಯ ಇಟ್ಟುಕೊಂಡು ನುಡಿಸುವ ಪಿಟ್‌ನಲ್ಲೂ ಸಾಕಷ್ಟಿದ್ದಾರೆ. ಹೆಗಲಿಗೆ ಡ್ರಮ್ ಹಾಕಿಕೊಂಡು ನಡೆಯುವವರ ಕಡೆ, ಅಂದರೆ ನಾವು ಬ್ಯಾಟರಿ ಅನ್ನುವ ಕಡೆ ತಿರುಗಿದರೆ ಕಥೆಯೇ ಬೇರೆ. ಅದರಲ್ಲೂ ಸ್ನೇರ್‌ನಲ್ಲಿ, ಅಂದರೆ ಎರಡು ಕಡ್ಡಿಯಲ್ಲಿ ಬಾರಿಸುವ ಚಟಪಟ ಸದ್ದಿನ ಚಿಕ್ಕ ಡ್ರಮ್‌ನಲ್ಲಿ, ಒಬ್ಬಳಿದ್ದರೆ ಪುಣ್ಯ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಕೆಲಸಕ್ಕೆ ಅಂತ ಶಿವಮೊಗ್ಗದಿಂದ ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ ಬಂದವಳು. ಶಾಲೆಯ ಮಾರ್ಚಿಂಗ್ ಬ್ಯಾಂಡ್‌ನಿಂದ ಡ್ರಮ್ ಕೋರ್‌ಗೆ ಹೋದೆ. ಈಗ ಒಂದು ಚಿಕ್ಕ ಕೋರ್‌ನಲ್ಲಿ ಡ್ರಮ್ ಹೇಳಿಕೊಡುತ್ತೇನೆ. ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ: ಇಲ್ಲಿ ಕೊಳಲು, ಕ್ಲಾರಿನೆಟ್ ಇಲ್ಲ, ಬರೀ ಹಿತ್ತಾಳೆ ವಾದ್ಯ, ಡ್ರಮ್ ಮತ್ತು ಗಾರ್ಡ್. ಡ್ರಮ್ ಕೋರ್ ಇಂಟರ್‌ನ್ಯಾಷನಲ್ (ಡಿಸಿಐ) ಅನ್ನುವ ಸಂಸ್ಥೆ ನಡೆಸುವ ಯುವ ತಂಡಗಳ ಸ್ಪರ್ಧೆಯಲ್ಲಿ ವಯಸ್ಸಿನ ಮಿತಿ ಇದೆ, ಇಪ್ಪತ್ತೊಂದು ದಾಟಿದ ಮೇಲೆ ಹೆಚ್ಚು ದಿನ ಇರೋಕಾಗಲ್ಲ. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರೂರು ಸುತ್ತಿ, ಶಾಲೆಗಳ ಜಿಮ್ ನೆಲದ ಮೇಲೆ ಮಲಗಿ, ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ದೊಡ್ಡ ಸ್ಟೇಡಿಯಂನಲ್ಲಿ ಫೈನಲ್ಸ್. ಇದಕ್ಕೆಲ್ಲ ಮಕ್ಕಳೇ ಸಾವಿರಾರು ಡಾಲರ್ ಕಟ್ಟಬೇಕು. ನಮ್ಮಮ್ಮ ಮೊದಲ ಸಲ ಕೇಳಿದಾಗ, "ಅಲ್ಲ ಕಣೇ, ಬಿಸಿಲಲ್ಲಿ ಆ ಡಬ್ಬ ಹೊತ್ಕೊಂಡು ದಿನವಿಡೀ ಓಡಾಡೋಕೆ ನಾವೇ ದುಡ್ಡು ಕೊಡಬೇಕಾ?" ಅಂದಿದ್ದರು. ಸಾಗರದ ಕಡೆ ಹೆಣ್ಣುಮಕ್ಕಳು ಡೊಳ್ಳು ಕಟ್ಟಿಕೊಂಡು ಕುಣಿಯಲ್ವಾ ಅಮ್ಮ, ಸ್ನೇರ್ ಅದಕ್ಕಿಂತ ದೊಡ್ಡದೇನಲ್ಲ ಅಂತ ವಾದ ಮಾಡಿ ಗೆದ್ದೆ.

ಹೀಗೆ ಗಂಡು ಹೆಣ್ಣು ಬೇರೆ ಬೇರೆ ಆಗಿದ್ದಕ್ಕೆ ಇತಿಹಾಸ ಇದೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳಿಂದ ಈ ಕೋರ್‌ಗಳು ಹುಟ್ಟಿದವು. ಆಮೇಲೆ ಚರ್ಚು, ಸ್ಕೌಟ್ ದಳಗಳು ಹುಡುಗರಿಗಾಗಿ ಶುರುಮಾಡಿದವು. 1938ರ ಮ್ಯಾಡಿಸನ್ ಸ್ಕೌಟ್ಸ್, 1948ರ ಕ್ಯಾವಲಿಯರ್ಸ್ ಎರಡೂ ಸ್ಕೌಟ್ ಮೂಲದವು, ಎರಡೂ ದಶಕಗಟ್ಟಲೆ ಬರೀ ಗಂಡುಮಕ್ಕಳವು. ಹುಡುಗಿಯರದೇ ಬೇರೆ ಕೋರ್‌ಗಳಿದ್ದವು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಡಿಸಿಐನ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ಶಿಕ್ಷಣದಲ್ಲಿ ಲಿಂಗ ತಾರತಮ್ಯ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು ಬಂದಿದ್ದೂ ಅದೇ ವರ್ಷ. ಓಹಾಯೊ ಸ್ಟೇಟ್‌ನಂಥ ದೊಡ್ಡ ಕಾಲೇಜು ಬ್ಯಾಂಡ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದೇ 1973ರಲ್ಲಿ. ಮ್ಯಾಡಿಸನ್ ಸ್ಕೌಟ್ಸ್ ಎಲ್ಲರಿಗೂ ಬಾಗಿಲು ತೆರೆಯುವುದಾಗಿ ಹೇಳಿದ್ದು 2019ರಲ್ಲಿ. ಆಗ ಹಳಬರು ಕೆಲವರು ಮಾಡಿದ ಗಲಾಟೆ ಬಗ್ಗೆ ಬರೆದರೆ ಇದು ಮುಗಿಯಲ್ಲ, ಬಿಡಿ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಯಾರೂ ಒಳಗೆ ಬರಲ್ಲ. ಆಡಿಷನ್‌ಗೆ ಬರುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ. ಹತ್ತು, ಹನ್ನೊಂದು ವರ್ಷಕ್ಕೆ ಶಾಲೆಯಲ್ಲಿ ವಾದ್ಯ ಆರಿಸುತ್ತಾರಲ್ಲ, ಜಾಸ್ತಿ ಸೋಸುವುದು ಅಲ್ಲೇ. 1978ರಲ್ಲೇ ಏಬಲ್ಸ್ ಮತ್ತು ಪೋರ್ಟರ್ ಅನ್ನುವ ಸಂಶೋಧಕರು, ಜನ ಫ್ಲೂಟ್ ಹುಡುಗಿಯರದ್ದು, ಡ್ರಮ್ ಹುಡುಗರದ್ದು ಅಂತ ನೋಡುವುದನ್ನು ತೋರಿಸಿದ್ದರು. ಈಗಲೂ ಶಾಲೆಗಳಲ್ಲಿ ಅದನ್ನೇ ಕಾಣುತ್ತೇನೆ. ಪಿಯಾನೊ ಕಲಿತ ಹುಡುಗಿ ಪರ್ಕಶನ್‌ಗೆ, ಅಂದರೆ ಬಡಿದು ನುಡಿಸುವ ವಾದ್ಯಗಳಿಗೆ ಬಂದರೆ ಯಾರೂ ಕೇಳದೆಯೇ ಅವಳ ಕೈಗೆ ಮರಿಂಬಾ ಬಡಿಯುವ ಮ್ಯಾಲೆಟ್ ಬರುತ್ತದೆ, ಪಕ್ಕದ ಹುಡುಗನ ಕೈಗೆ ಸ್ನೇರ್ ಕಡ್ಡಿ. ಆರು ವರ್ಷ ಕಳೆದ ಮೇಲೆ "ಆಡಿಷನ್‌ಗೆ ಹುಡುಗಿಯರೇ ಬರಲ್ಲ ನೋಡಿ" ಅಂತೀವಿ.

ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಪಿಟ್‌ಗೆ. ಅಲ್ಲಿನ ಹುಡುಗಿಯರು ನೋಟೇಶನ್ ಓದುವುದರಲ್ಲಿ ನಮ್ಮ ಬ್ಯಾಟರಿ ಹುಡುಗರಿಗಿಂತ ಎಷ್ಟೋ ಮೇಲು (ಹುಡುಗರು ಇದನ್ನು ಓದಿದರೆ ಓದಲಿ). ಅವರಿಗೆ ಕಡಿಮೆ ಇದ್ದಿದ್ದು ಕೈಯ ಅಭ್ಯಾಸ ಅಷ್ಟೇ: ಡಬಲ್ಸ್, ಫ್ಲ್ಯಾಮ್, ರೋಲ್ ಅನ್ನುವ ಸ್ನೇರ್‌ನ ಮೂಲ ಪೆಟ್ಟುಗಳು. ಆಡಿಷನ್ ನಡೆಯುವ ನವೆಂಬರ್ ಕ್ಯಾಂಪಿಗೆ ತಿಂಗಳುಗಳ ಮೊದಲೇ ವ್ಯಾಯಾಮದ ಹಾಳೆ ಕೊಟ್ಟು, ಪ್ರ್ಯಾಕ್ಟೀಸ್ ಪ್ಯಾಡ್ ಮೇಲೆ ಮೆಟ್ರೊನೋಮ್ ಹಾಕಿಕೊಂಡು ದಿನಾ ಬಾರಿಸಿ ವಿಡಿಯೊ ಕಳಿಸಿ ಅಂದೆ. ಬಂದ ವಿಡಿಯೊಗಳನ್ನು ಮೊದಲು ನೋಡದೆ ಕೇಳುತ್ತೇನೆ, ಫೋನ್ ಮಗುಚಿಟ್ಟು. ಸದ್ದು ಒಪ್ಪಿಗೆಯಾದ ಮೇಲೆ, ಕಡ್ಡಿ ಎಷ್ಟು ಎತ್ತರಕ್ಕೆ ಏಳುತ್ತದೆ ಅಂತ ತಿಳಿಯೋಕೆ ವಿಡಿಯೊ ನೋಡುತ್ತೇನೆ. ಎತ್ತರದ ಹುಡುಗನ ಕೈ "ಗಟ್ಟಿ" ಅಂತ ನಮ್ಮ ಕಣ್ಣೇ ಹೇಳಿಬಿಡುತ್ತದೆ, ಕಿವಿ ಹಾಗೆ ಹೇಳಲ್ಲ.

ಎರಡನೆಯದು ಕ್ಯಾರಿಯರ್. ಡ್ರಮ್ ಹೊರುವ ಆ ಅಲ್ಯೂಮಿನಿಯಂ ಚೌಕಟ್ಟು. ಇದರ ಬಗ್ಗೆ ಯಾರೂ ಮಾತಾಡಲ್ಲ, ನನಗೆ ಮಾತ್ರ ಇದೇ ಮುಖ್ಯ. ನಮ್ಮ ಶೆಡ್‌ನಲ್ಲಿ ಇದ್ದವೆಲ್ಲ ಎದೆ ಪೂರ್ತಿ ಮುಚ್ಚುವ ಅಂಗಿಯಂಥವು, ಅಗಲ ಹೆಗಲಿನ ಹುಡುಗನ ಅಳತೆಯವು. ಗಿಡ್ಡ ಹುಡುಗಿ ಹಾಕಿಕೊಂಡರೆ ಎದೆ ಒತ್ತುತ್ತದೆ, ಹೊಟ್ಟೆಯ ಪಟ್ಟಿ ತೊಡೆಗೆ ಬಡಿಯುತ್ತದೆ, ಭಾರ ಎಲ್ಲ ಸೊಂಟದ ಹಿಂದೆ ಕೂರುತ್ತದೆ. ಒಂದು ಗಂಟೆಯಲ್ಲಿ ಬೆನ್ನು ಹಿಡಿದುಕೊಂಡರೆ "ಅವಳಿಗೆ ಆಗಲ್ಲ" ಅಂತ ತೀರ್ಪು. ಅವಳಿಗೆ ಆಗದ್ದು ಡ್ರಮ್ ಅಲ್ಲ, ಆ ಚೌಕಟ್ಟು. ನಡುವೆ ಒಂದೇ ಪಟ್ಟಿ ಇರುವ, ಹೆಗಲ ಅಗಲ ಹೆಚ್ಚು ಕಡಿಮೆ ಮಾಡಬಹುದಾದ ಹಳೆಯ ಕ್ಯಾರಿಯರ್‌ಗಳನ್ನು ಬೇರೆ ಬ್ಯಾಂಡ್‌ಗಳಿಂದ ಕೊಂಡೆವು. ಮೊದಲ ಸಂಜೆ ಬಾರಿಸುವುದೇ ಇಲ್ಲ, ಒಬ್ಬೊಬ್ಬರಿಗೂ ಸ್ಕ್ರೂ ಸಡಿಲಿಸಿ, ಫೋಮ್ ಅಂಟಿಸಿ, ನಡೆಸಿ ನೋಡುವುದು. ಗಿಡ್ಡ ಹುಡುಗರಿಗೂ ಇದರಿಂದ ಬೆನ್ನುನೋವು ಕಡಿಮೆಯಾಯಿತು.

ಮುಟ್ಟಿನ ವಿಷಯವನ್ನೂ ನೇರವಾಗಿ ಹೇಳುತ್ತೇನೆ. ಬಿಳಿ ಪ್ಯಾಂಟು, ಗಂಟೆಗಟ್ಟಲೆ ರಿಹರ್ಸಲ್, ಟಾಯ್ಲೆಟ್ ಮೈದಾನದ ಆ ತುದಿಗೆ. ಪ್ಯಾಡ್, ನೋವಿನ ಮಾತ್ರೆ ಬಸ್ಸಿನ ಬ್ಯಾಗಿನಲ್ಲಿದ್ದರೆ ಏನು ಪ್ರಯೋಜನ? ನೀರಿನ ಕ್ಯಾನ್ ಪಕ್ಕದಲ್ಲೇ ಒಂದು ಡಬ್ಬಿ ಇಟ್ಟೆವು. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ, ಸಾಲಿನಿಂದ ಹೊರಗೆ ಹೋಗಿ ಬಂದರೆ ಯಾರೂ ಕಾರಣ ಕೇಳುವಂತಿಲ್ಲ. ಈ ವರ್ಷ ಪ್ಯಾಂಟೂ ಕಪ್ಪು. ಇನ್ನು ಮಲಗುವ, ಸ್ನಾನದ ವ್ಯವಸ್ಥೆ. ತಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ ಅನ್ನುವ ಮಕ್ಕಳೂ ನಮ್ಮಲ್ಲಿದ್ದಾರೆ, ಅವರನ್ನು ಕೇಳಿಯೇ ಜಾಗ ಮಾಡುತ್ತೇವೆ. 2018ರಲ್ಲಿ ಒಂದು ದೊಡ್ಡ ಕೋರ್‌ನ ಮುಖ್ಯಸ್ಥರ ಮೇಲೆ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ್ದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ತಂದೆ ತಾಯಿ ಮಗಳನ್ನು ಸುಮ್ನೆ ಬಸ್ ಹತ್ತಿಸಲ್ಲ. ಹಾಗಾಗಿ ಸಿಬ್ಬಂದಿಯ ಹಿನ್ನೆಲೆ ತಪಾಸಣೆ, ಯಾವ ಟೀಚರ್ರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು ಅನ್ನುವ ನಿಯಮ, ಇವನ್ನು ಮೊದಲ ಪೋಷಕರ ಸಭೆಯಲ್ಲೇ ಹೇಳುತ್ತೇನೆ.

ಒಬ್ಬಳನ್ನೇ ತೆಗೆದುಕೊಂಡು ಫೋಟೊಗೆ ನಿಲ್ಲಿಸುವುದನ್ನು ಮಾತ್ರ ನಾನು ಮಾಡಲ್ಲ. ಒಬ್ಬಳೇ ಇದ್ದರೆ ಅವಳ ಒಂದು ತಪ್ಪು ಎಲ್ಲ ಹುಡುಗಿಯರ ತಪ್ಪಾಗುತ್ತದೆ, ನಾನು ಅದನ್ನು ಅನುಭವಿಸಿದ್ದೇನೆ. ಕೆಳಗಿನ ಮಟ್ಟದವರನ್ನು ಎತ್ತಿ ಸೇರಿಸುವುದೂ ಇಲ್ಲ, ಅದು ಅವಳಿಗೇ ಅನ್ಯಾಯ. ಬರುವವರ ಸಂಖ್ಯೆ ಜಾಸ್ತಿಯಾದರೆ ಇಬ್ಬರು ಮೂವರು ಆಡಿಷನ್‌ನಲ್ಲಿ ತಾವಾಗೇ ಪಾಸಾಗುತ್ತಾರೆ. ನಮ್ಮ ಸ್ನೇರ್ ಸಾಲಿನಲ್ಲಿ ಈಗ ಮೂವರು ಹುಡುಗಿಯರಿದ್ದಾರೆ, ಬೇರೆ ಬೇರೆ ಅಳತೆಯಲ್ಲಿ ಬರುವ ದೊಡ್ಡ ಬೇಸ್ ಡ್ರಮ್‌ಗಳಲ್ಲಿ ಇಬ್ಬರು. ಗಿಡ್ಡ ಹುಡುಗಿಗೆ ಅತಿ ಚಿಕ್ಕ ಬೇಸ್ ಅನ್ನುವ ಹಳೇ ಲೆಕ್ಕ ಬಿಟ್ಟು, ಕೈ ನೋಡಿ ಡ್ರಮ್ ಕೊಟ್ಟಿದ್ದೇವೆ.

ಟೆನರ್ ಮಾತ್ರ ಇನ್ನೂ ಪೂರ್ತಿ ಗಂಡುಮಕ್ಕಳದೇ. ಐದಾರು ಡ್ರಮ್ ಒಟ್ಟಿಗೆ, ಸ್ನೇರ್‌ಗಿಂತ ತುಂಬಾ ಭಾರ, ಮುಂದಕ್ಕೆ ಎಳೆಯುತ್ತದೆ. ಈ ನವೆಂಬರ್ ಕ್ಯಾಂಪಿನಲ್ಲಿ ಒಂದು ಹೆಚ್ಚುವರಿ ಸೆಟ್ ಇಟ್ಟು, ಯಾರು ಬೇಕಾದರೂ ಹೊತ್ತು ನೋಡಲಿ ಅಂತ ಬಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ಚಿಕ್ಕ ಮೈಕಟ್ಟಿನವರಿಗೆ ಟೆನರ್ ಕ್ಯಾರಿಯರ್ ಹೊಂದಿಸಿದ್ದರೆ ಯಾವುದು ಬಳಸಿದಿರಿ, ಎಲ್ಲಿ ಬಿಗಿ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ.